ಹದಿನೇಳನೆಯ ಜಾಗದ ಹಲಗೆ

ರೋನೆವಿಗ್
ಭಾನುವಾರ, ೩೦ ಏಪ್ರಿಲ್ ೧೯೮೯

ಪ್ರೀತಿಯ ಆಸ್ಗರ್,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ನೂಕ್‌ನಲ್ಲಿ ಹಿಮ ಇನ್ನೂ ಅಡುಗೆಮನೆ ಕಿಟಕಿಯ ಎತ್ತರಕ್ಕಿದೆ ಎಂದು ನಿನ್ನ ಹೆಂಡತಿ ಪಿಪಲುಕ್ ಬರೆದಿದ್ದಳು. ಅವಳ ಕಾಗದ ಬಂದು ಹದಿನೈದು ದಿನವಾಯಿತು. ನಿನ್ನದು ಸೆಪ್ಟೆಂಬರಿನಿಂದ ಒಂದೂ ಇಲ್ಲ. ದೂರುತ್ತಿಲ್ಲ, ನಾನೂ ಬರೆದಿಲ್ಲ. ನೀನು ಕೆಲಸ ಮುಗಿಸಿ ಬಂದು ಕೋಟು ಬಿಚ್ಚದೆ ಮೇಜಿನ ಮುಂದೆ ಕೂತಿರುತ್ತೀಯಂತೆ, ನೀರಿನ ಕಡೆ ಹೋಗುವುದನ್ನೇ ಬಿಟ್ಟಿದ್ದೀಯಂತೆ. ಅವಳು ತುಂಬ ಸಲ ಕೇಳಿದ ಮೇಲೆ ಒಂದೇ ಮಾತು ಹೇಳಿದೆಯಂತೆ: "ಅಪ್ಪ ಹಲಗೆ ಹಸಿರು ಮಾಡಿ ಹೋದ. ಇನ್ನೇನು ಹೇಳ್ಬೇಕಿತ್ತು ಅವನು?" ಹಸಿರು ಅಂದರೇನು, ಅದರಲ್ಲಿ ಅಳುವಂಥದ್ದೇನಿದೆ ಎಂದು ಅವಳು ನನ್ನನ್ನು ಕೇಳಿದ್ದಾಳೆ. ನೀನು ಅತ್ತಿದ್ದೀಯ ಎಂಬುದು ನನಗೆ ಗೊತ್ತಾದದ್ದು ಹಾಗೆ.

ಅವಳಿಗೆ ಇಷ್ಟು ಹೇಳಿಬಿಡು. ನಮ್ಮ ಬಂದರಿನಲ್ಲಿ ಪ್ರತಿ ದೋಣಿಗೂ ಅದರದೇ ಜಾಗ, ಪ್ರತಿ ಜಾಗದ ಮುಂದೆ ಗೂಟಕ್ಕೆ ಹೊಡೆದ ಅಂಗೈಯಗಲದ ಒಂದು ಹಲಗೆ. ಒಂದು ಬದಿ ಕೆಂಪು, ಇನ್ನೊಂದು ಹಸಿರು. ಕೆಂಪು ಬಿಟ್ಟು ಹೋದರೆ, ಇವತ್ತೇ ವಾಪಸು ಬರುತ್ತೇನೆ, ನನ್ನ ಜಾಗ ಹಾಗೇ ಇರಲಿ ಎಂದು ಅರ್ಥ. ಹಸಿರಿಗೆ ತಿರುಗಿಸಿದರೆ, ರಾತ್ರಿಗೆ ಬರುವುದಿಲ್ಲ, ಬಂದ ಅತಿಥಿ ಇಲ್ಲಿ ನಿಲ್ಲಬಹುದು ಎಂದು. ಆ ವಾರದ ಸರದಿ ಯಾರದೋ ಅವರು ಕತ್ತಲಾಗುವ ಮೊದಲು ದೋಣಿ ಕಟ್ಟುವ ಧಕ್ಕೆಯ ಉದ್ದಕ್ಕೂ ಒಮ್ಮೆ ನಡೆದು ಬರಬೇಕು. ಹಲಗೆ ಕೆಂಪಾಗಿದ್ದು ಜಾಗ ಖಾಲಿಯಿದ್ದರೆ ಬೇರೆ ಯೋಚನೆಯೇ ಇಲ್ಲ, ಹುಡುಕಲು ದೋಣಿ ಹೊರಡುತ್ತದೆ. ಹಸಿರಿದ್ದರೆ ಮುಂದೆ ನಡೆಯುವುದು. ಐವತ್ತು ವರ್ಷದಿಂದ ಹೀಗೇ ನಡೆದುಬಂದಿದೆ.

ನಿನ್ನೆ ದೋಣಿ ಕ್ಲಬ್ಬಿನಲ್ಲಿ ಋತು ಆರಂಭದ ಧ್ವಜ ಏರಿಸಿದೆವು. ವಾಯವ್ಯದ ಗಾಳಿ, ಮುಖಕ್ಕೆ ಉಪ್ಪು ಎರಚುವಂಥದ್ದು. ನಲವತ್ತು ಜನ ಇದ್ದರೇನೋ. ಅಧ್ಯಕ್ಷ ಪಾಲೆಗೆ ಕ್ಲಬ್ಬಿನ ನೀಲಿ ಕೋಟಿನ ಗುಂಡಿ ಈ ವರ್ಷ ಸೇರಲೇ ಇಲ್ಲ. ಒಗೆದಾಗ ಬಟ್ಟೆ ಕುಗ್ಗಿತು ಎಂದು ಎಲ್ಲರಿಗೂ ತಾನೇ ಹೇಳಿಕೊಂಡು ಓಡಾಡಿದ. ಪ್ರತಿ ವರ್ಷ ಮಾಡುತ್ತಿದ್ದ ರಿಗ್ಮೋರ್ ಇಲ್ಲದ್ದರಿಂದ ಕಾಫಿ ಬೇರೆ ಯಾರೋ ಮಾಡಿದ್ದರು. ಗಟ್ಟಿಯಾಗಿತ್ತು, ಚೆನ್ನಾಗಿತ್ತು. ಜನ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

ಕಳೆದ ಸಲದ ಧ್ವಜದಿಂದ ಈಚೆಗೆ ತೀರಿಕೊಂಡವರು ಮೂವರು. ಅಪ್ಪ, ದ್ವೀಪದ ಐಗಿಲ್, ರಿಗ್ಮೋರ್. ಮೂವರೂ ಸೇರಿ ನೂರಮೂವತ್ತು ವರ್ಷ ಈ ಕ್ಲಬ್ಬಿನಲ್ಲಿದ್ದರು ಎಂದು ಪಾಲೆ ಲೆಕ್ಕ ಹಾಕಿ ತಂದಿದ್ದ. ಆಮೇಲೆ ವಾಡಿಕೆಯಂತೆ ಸತ್ತವರ ಮೇಲೆ ತಲಾ ಒಂದು ದೂರು. ಹೊಗಳಿಕೆ ಇಗರ್ಜಿಯಲ್ಲಿ ಮುಗಿದಿರುತ್ತದೆ, ಧ್ವಜದ ಕಂಬದ ಕೆಳಗೆ ದೂರು ಮಾತ್ರ. ನಿನಗೆ ನೆನಪಿರಬೇಕು, ಅಮ್ಮ ಹೋದ ವರ್ಷ ಅಪ್ಪ ಎದ್ದು ನಿಂತು, "ಮೂವತ್ತು ವರ್ಷ ನನ್ನ ಕಾಲುಚೀಲ ಒಂದನ್ನೂ ಜೋಡಿ ಮಾಡಿ ಕೊಟ್ಟೋಳಲ್ಲ" ಎಂದು ಹೇಳಿದ್ದ. ಐಗಿಲ್‌ನ ಮೇಲಿನ ದೂರನ್ನು ಅವನ ಮಗಳು ಹೇಳಿದಳು. ಹೇಳದೆ ಕೇಳದೆ ಎಲ್ಲರ ಹಗ್ಗ ತೆಗೆದುಕೊಂಡು ಹೋಗುತ್ತಿದ್ದ, ಮರಳಿ ಕೊಡುವಾಗ ತುದಿಯನ್ನು ಹೊಸದಾಗಿ ಹೆಣೆದು ಕೊಡುತ್ತಿದ್ದ, ಹೀಗಾಗಿ ಬೈಯಲು ಒಂದು ಅವಕಾಶವನ್ನೂ ಬಿಡಲಿಲ್ಲ ಎಂದಳು. ಜನ ನಕ್ಕರು. ಡಿಸೆಂಬರಿನಲ್ಲಿ ಅವನು ಹೋದಾಗ ಹೊಗೆಮನೆಯಲ್ಲಿ ಹಾವುಮೀನು ಇನ್ನೂ ತೂಗುತ್ತಿತ್ತಂತೆ; ಊರವರು ಅದನ್ನು ಹಂಚಿಕೊಂಡು ತಿಂದರು, ಅವನಿಗೆ ಅದೇ ಇಷ್ಟವಾಗುತ್ತಿತ್ತು ಎಂದು.

ರಿಗ್ಮೋರ್ ಬಗ್ಗೆ ನಾನು ಹೇಳಬೇಕಿತ್ತು. ಅವಳಿಗೆ ಮಕ್ಕಳಿರಲಿಲ್ಲ, ಇಲ್ಲವೇ ನಾವೆಲ್ಲ ಅವಳ ಮಕ್ಕಳೇ ಆಗಿದ್ದೆವು. ನಿನ್ನನ್ನೂ ನನ್ನನ್ನೂ ಪಾಲೆಯನ್ನೂ ಪಾಲೆಯ ಮಕ್ಕಳನ್ನೂ ಅದೇ ಧಕ್ಕೆಯಿಂದ ನೀರಿಗೆ ತಳ್ಳಿ ಈಜು ಕಲಿಸಿದವಳು. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ದೋಣಿಯ ಹೆಸರು ಹಿಡಿದೇ ಕರೆಯಬೇಕು. ಅಪ್ಪನ ದೋಣಿ ಟೆರ್ನೆ, ಹೀಗಾಗಿ ನಲವತ್ತೊಂಬತ್ತು ವರ್ಷ ನಾನು ಅವಳಿಗೆ ಟೆರ್ನೆಯವಳು, ನೀನು ಟೆರ್ನೆಯ ಚಿಕ್ಕವನು. ನಾನು ಎದ್ದು ನಿಂತು ಅವಳ ಕಾಫಿ ಫ್ಯೋರ್ಡಿನ ನೀರಿನಷ್ಟು ತೆಳ್ಳಗಿತ್ತು ಎಂದೆ. ಜನ ತಲೆಯಾಡಿಸಿದರು. ನನ್ನ ನಿಜವಾದ ದೂರು ಅದಲ್ಲ. ಅವಳು ಒಂದು ಮಾತನ್ನು ಬಚ್ಚಿಟ್ಟುಕೊಂಡಳು, ನಾನು ಕೇಳಿಕೊಂಡೆನೆಂದು. ಒಂದು ಸಲ ಯಾರ ಮುಂದಾದರೂ ಬಾಯಿ ತಪ್ಪಿ ಆಡಿಬಿಟ್ಟಿದ್ದರೆ ನನಗೆ ಈ ಕಾಗದ ಬರೆಯುವ ಕೆಲಸ ಉಳಿಯುತ್ತಿರಲಿಲ್ಲ.

ಅಪ್ಪನ ಮೇಲಿನ ದೂರು ಪಾಲೆಯದು. ಅವನು ಹೇಳಿದ: "ಟೋರ್ಕಿಲ್ ಮೇಲೆ ನನ್ನದೊಂದೇ ದೂರು. ಆಚೆ ದಡಕ್ಕೆ ಬ್ರೆಡ್ ತರೋಕೆ ಹೋಗಿ ಬರೋದಾದ್ರೂ ಹಲಗೆ ಮುಟ್ಟಿ ನೋಡ್ಕೊಂಡೇ ಹೋಗೋನು. ನಾವು ಮರೆತ್ರೆ, ಏನ್ರೋ, ಹಲಗೆ ಅಂದ್ರೆ ಅಲಂಕಾರ ಅಂದ್ಕೊಂಡ್ರಾ ಅಂತ ಉಗಿಯೋನು. ಆ ದಿನಾನೂ ಸರಿಯಾಗೇ ಹಸಿರು ಮಾಡಿ ಹೋದ. ಬರಲ್ಲ ಅಂತ ನಮ್ಮ ಮುಖಕ್ಕೇ ಬರೆದಿಟ್ಟು ಹೋದ, ನಾವು ನಲವತ್ತು ಜನ ಅದರ ಮುಂದೇನೇ ಓಡಾಡಿದ್ವಿ. ಬಾಯಲ್ಲಿ ಒಂದು ಮಾತು ಹೇಳಬಹುದಿತ್ತು, ಮುದುಕ." ಯಾರೂ ನಗಲಿಲ್ಲ. ಪಾಲೆ ತೋಳಿನಿಂದ ಮೂಗು ಒರೆಸಿಕೊಂಡು ನನಗೆ ಸನ್ನೆ ಮಾಡಿದ. ಮನೆಯವಳೆಂದು ಹಗ್ಗ ಎಳೆಯುವ ಗೌರವ ನನಗಿತ್ತು. ಅರ್ಧಕ್ಕಿದ್ದ ಧ್ವಜವನ್ನು ಮೇಲೆ ಏರಿಸಿದೆ.

ಇಲ್ಲಿ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಎಲ್ಲರೂ ನೀನು ಅಂದುಕೊಂಡಿದ್ದನ್ನೇ ಅಂದುಕೊಂಡಿದ್ದಾರೆ. ದಾಖಲೆಯಲ್ಲಿ ಆಕಸ್ಮಿಕ ಎಂದಿದೆ. ಮರಳುದಿಬ್ಬದ ಮೇಲೆ ದೋಣಿ, ದಿಬ್ಬಕ್ಕೂ ದಡಕ್ಕೂ ನಡುವಿನ ಆಳದಲ್ಲಿ ಅಪ್ಪ, ಮೈಮೇಲೆ ತೇಲುಕವಚ ಇಲ್ಲ, ಬಂದರಿನಲ್ಲಿ ಹಲಗೆ ಹಸಿರು. ಇಷ್ಟನ್ನು ಪಕ್ಕಪಕ್ಕದಲ್ಲಿಟ್ಟರೆ ಜನ ತಾವೇ ಕತೆ ಹೆಣೆದುಕೊಳ್ಳುತ್ತಾರೆ. ನೀನು ಅದಕ್ಕೆ ನಿನ್ನ ಆಗಸ್ಟಿನ ಫೋನನ್ನೂ ಸೇರಿಸಿಕೊಂಡಿದ್ದೀಯ. "ಎಪ್ಪತ್ತೆರಡನೇ ವಯಸ್ಸಲ್ಲಿ ಒಬ್ಬನೇ ದೋಣಿ ತಗೊಂಡು ಹೋಗೋದು ಹುಚ್ಚು ಕಣಪ್ಪ. ಮಾರಿಬಿಡು. ನಾನಂತೂ ಅದನ್ನ ಮುಟ್ಟಲ್ಲ." ಅವನು ಆಯಿತು ಬಿಡು ಎಂದು ಫೋನಿಟ್ಟದ್ದು ನನಗೆ ಗೊತ್ತು, ನಾನು ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಇಟ್ಟವನು ನನ್ನ ಕಡೆ ತಿರುಗಿ, "ನಿನ್ನ ತಮ್ಮ ಅಲ್ಲಿ ಕೂತು ದೋಣಿ ಮಾರ್ತಾನಂತೆ, ಇಲ್ಲಿ ಬಣ್ಣ ಬಳಿಯೋಕೆ ಮಾತ್ರ ಬರಲ್ಲ" ಎಂದು ಹೇಳಿ ಒಂದು ಹಸಿ ಆಲೂಗಡ್ಡೆ ಬಾಯಿಗೆ ಹಾಕಿಕೊಂಡ. ಇದನ್ನು ನಿನಗೆ ಅವತ್ತೇ ಬರೆಯಬಹುದಿತ್ತು.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಹಲಗೆಯನ್ನು ಹಸಿರಿಗೆ ತಿರುಗಿಸಿದ್ದು ನಾನು.

ಸೆಪ್ಟೆಂಬರಿನ ಆ ಮಂಗಳವಾರ, ಆ ವಾರದ ಸರದಿ ನನ್ನದು. ಶಾಲೆಯ ಕಚೇರಿಯಿಂದ ನಾಲ್ಕಕ್ಕೆ ಬಂದಾಗ ಟೆರ್ನೆ ಹೊರಗೆ ಹೋಗಿತ್ತು. ಗಾಳಿ ಏರುತ್ತಿತ್ತು. ಕೀಲ್ ಕಡೆಯಿಂದ ಬಂದ ಒಂದು ದೋಣಿ ಬಂದರಿನೊಳಗೆ ಸುತ್ತು ಹಾಕುತ್ತಿತ್ತು, ಅದರಲ್ಲಿ ಇಬ್ಬರು ಮಕ್ಕಳು, ಚಿಕ್ಕದು ಎದೆಯ ಮೇಲೆಲ್ಲ ವಾಂತಿ ಮಾಡಿಕೊಂಡು ನಡುಗುತ್ತಿತ್ತು. ಒಂದು ಜಾಗವೂ ಹಸಿರಿರಲಿಲ್ಲ. ನಮ್ಮ ಹದಿನೇಳನೆಯ ಜಾಗ ಖಾಲಿ, ಆದರೆ ಹಲಗೆ ಕೆಂಪು. ಅಪ್ಪ ಬೇಸಿಗೆಯಿಡೀ ಐಗಿಲ್‌ನ ದ್ವೀಪಕ್ಕೆ ಹೋಗಿ ಎರಡು ದಿನ ಇದ್ದು ಬರುತ್ತೇನೆ ಎನ್ನುತ್ತಿದ್ದ, ಪ್ರತಿ ಸೆಪ್ಟೆಂಬರಿನಲ್ಲೂ ಹೋಗುವಂತೆ. ಅದೇ ಬೇಸಿಗೆ ಗ್ಯಾಸ್ ಎರಡು ಸಲ ಆರಿಸದೆ ಬಿಟ್ಟಿದ್ದ, ಕನ್ನಡಕವನ್ನು ಹೆರಿಂಗ್ ಮೀನಿನ ಜಾಡಿಯಲ್ಲಿ ಇಟ್ಟಿದ್ದ, ನನ್ನನ್ನು ಅಮ್ಮನ ಹೆಸರಿನಿಂದ ಕರೆದಿದ್ದ. ಹೋಗಿದ್ದಾನೆ, ತಿರುಗಿಸಲು ಮರೆತಿದ್ದಾನೆ ಎಂದುಕೊಂಡೆ. ಅಂದುಕೊಂಡೆ ಎನ್ನುವುದೂ ದೊಡ್ಡ ಮಾತು. ಎರಡು ಬೆರಳಲ್ಲಿ ತಿರುಗಿಸಿದೆ, ಮಕ್ಕಳ ಕಡೆ ಕೈ ಬೀಸಿದೆ. ರಿಗ್ಮೋರ್ ಕ್ಲಬ್ಬಿನ ಕಿಟಕಿಯಲ್ಲಿ ಲೋಟ ತೊಳೆಯುತ್ತಿದ್ದವಳು ಹೊರಗೆ ಬಂದಳು. "ಏ ಟೆರ್ನೆಯವಳೇ, ನಿಮ್ಮಪ್ಪ ಕೆಂಪು ಬಿಟ್ಟು ಹೋಗಿದ್ದ ಅಲ್ವಾ?" ಮರೆತಿದ್ದಾನೆ ಎಂದೆ. "ಅವನು ಮರೀತಾನಾ?" ಎಂದಳು. ಈಗೀಗ ಎಲ್ಲವನ್ನೂ ಮರೆಯುತ್ತಾನೆ ಎಂದೆ. ಅವಳು ನನ್ನ ಮುಖ ನೋಡಿದಳು, ಮಕ್ಕಳನ್ನು ನೋಡಿದಳು, ಒಳಗೆ ಹಾಲು ಕಾಯಿಸಲು ಹೋದಳು. ಕತ್ತಲಿಗೆ ಮೊದಲು ಧಕ್ಕೆಯ ಉದ್ದಕ್ಕೂ ನಡೆದೆ. ಹದಿನೇಳರ ಮುಂದೆ ನಿಂತು ಆ ಮಕ್ಕಳಿಗೆ ಹೊಟ್ಟೆ ಈಗ ಹೇಗಿದೆ ಎಂದು ಕೇಳಿದೆ. ಪುಸ್ತಕದಲ್ಲಿ ಎಲ್ಲ ಸರಿಯಿದೆ ಎಂದು ಬರೆದು ಸಹಿ ಹಾಕಿದೆ. ಬುಧವಾರವೂ ಬರೆದೆ. ಗುರುವಾರ ಸಂಜೆ ಐಗಿಲ್‌ಗೆ ಫೋನ್ ಮಾಡಿದಾಗ, ಟೋರ್ಕಿಲ್ ಇಲ್ಲಿಗೆ ಬರುವ ಮಾತೇ ಇರಲಿಲ್ಲವಲ್ಲ ಎಂದ. ಶುಕ್ರವಾರ ಬೆಳಿಗ್ಗೆ ಮೀನಿನವನೊಬ್ಬ ದಿಬ್ಬದ ಮೇಲೆ ಟೆರ್ನೆಯ ಕೂವೆಕಂಬವನ್ನು ಕಂಡ.

ಅಂತ್ಯಕ್ರಿಯೆಯ ದಿನ ನೀನು ಹದಿನೇಳರ ಮುಂದೆ ನಿಂತು ಆ ಹಸಿರಿನ ಮೇಲೆ ಅಂಗೈ ಇಟ್ಟೆ. ನಾನು ಹತ್ತು ಹೆಜ್ಜೆ ಹಿಂದೆ ನಿನ್ನ ಕೋಟು ಹಿಡಿದುಕೊಂಡು ನಿಂತಿದ್ದೆ. ಹೇಳಬೇಕಾದ ಹೊತ್ತು ಅದಾಗಿತ್ತು. ಒಳಗೆ ಪಾತ್ರೆ ತೊಳೆಯುವಾಗ, ಯಾರಿಗೂ ಹೇಳಬೇಡಿ ಎಂದು ನಾನು ಕೇಳಿಕೊಂಡದ್ದಕ್ಕೆ ರಿಗ್ಮೋರ್ ಹೇಳಿದಳು: "ನಾನು ಬಾಯಿ ಬಿಡಲ್ಲ ಕಣೆ. ಆದ್ರೆ ಚಿಕ್ಕವನಿಗೆ ನೀನೇ ಹೇಳ್ಬೇಕು, ನಾನು ಸಾಯೋದ್ರೊಳಗೆ." ನೀವೆಲ್ಲಿ ಸಾಯುತ್ತೀರಿ ಎಂದು ನಾನು ನಕ್ಕೆ. ಫೆಬ್ರವರಿಯಲ್ಲಿ ಬಾಗಿಲ ಮುಂದಿನ ಹಿಮ ತೆಗೆಯುತ್ತ ಬಿದ್ದಳು, ಮತ್ತೆ ಏಳಲಿಲ್ಲ. ಆ ಸುದ್ದಿ ಕೇಳಿದಾಗ ನನ್ನೊಳಗೆ ಮೊದಲು ಬಂದದ್ದು ದುಃಖವಲ್ಲ, ಇನ್ನು ಯಾರಿಗೂ ಗೊತ್ತಿಲ್ಲ ಎಂಬ ಒಂದು ನಿರಾಳ. ದುಃಖ ಆಮೇಲೆ, ತನ್ನ ಸರದಿಗೆ ಕಾದಿದ್ದ ಹಾಗೆ ಬಂತು. ನೀನು ನಿನ್ನ ಫೋನಿನ ತಪ್ಪನ್ನು ಹೊತ್ತುಕೊಂಡು ಹೋಗಿದ್ದೆ. ಅದರ ಹಿಂದೆ ನನ್ನದು ಅಡಗಿ ಕುಳಿತಿತ್ತು, ಅಲ್ಲಿ ಬೆಚ್ಚಗಿತ್ತು. ಏಳು ತಿಂಗಳು ನಿನ್ನನ್ನು ನನಗೆ ಅಡ್ಡವಾಗಿ ನಿಲ್ಲಿಸಿಕೊಂಡೆ. ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಹಾಳೆಯ ಹಿಂದೆ ಕಾಣುತ್ತದೆ. ಕೇಳುವ ಹಕ್ಕು ಇದೆಯೋ ಇಲ್ಲವೋ ನೀನು ಹೇಳು.

ಪಾಲೆಗೆ ನಾಳೆ ಹೇಳುತ್ತೇನೆ. ಅವನು ಬೈಯುತ್ತಾನೋ ಅಳುತ್ತಾನೋ, ಎರಡೂ ಮಾಡಿಯಾನು. ಕ್ಲಬ್ಬಿನವರಿಗೂ ಹೇಳಬೇಕು, ಕಂಬದ ಕೆಳಗೆ ಅಪ್ಪನ ಮೇಲೆ ಬಂದ ದೂರು ಸುಳ್ಳು ದೂರು.

ಪಿಪಲುಕ್‌ಗೆ ನನ್ನ ಪ್ರೀತಿ ತಿಳಿಸು. ಈ ಕಾಗದವನ್ನು ಅವಳಿಗೂ ಓದಿ ಹೇಳು, ಮುಚ್ಚಿಡುವುದು ನಮ್ಮ ಮನೆಯಲ್ಲಿ ಇಷ್ಟಕ್ಕೆ ಸಾಕು. ಮಕ್ಕಳ ಹಣೆಗೆ ನನ್ನ ಪರವಾಗಿ ಮುತ್ತು ಕೊಡು. ಮನೆಗೆ ಬಂದ ಮೇಲೆ ಕೋಟು ಬಿಚ್ಚು.

ನಿನ್ನ ಅಕ್ಕ,
ಸಿಡ್ಸೆಲ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಹಲಗೆ ಕೆಂಪಿತ್ತು ಎಂದು ನಾನು ಹೇಳಿದರೆ ಸಾಲದು, ಸಾಯಲು ಹೊರಟವನು ತಿರುಗಿಸಲು ಮರೆತಿರಬಹುದಲ್ಲ ಎಂದು ನೀನು ಕೇಳುತ್ತೀಯ. ನಾನಾದರೂ ಹಾಗೇ ಕೇಳುತ್ತಿದ್ದೆ. ಆದ್ದರಿಂದ ಇದನ್ನೂ ಕಳಿಸುತ್ತಿದ್ದೇನೆ. ನವೆಂಬರಿನಲ್ಲಿ ಟೆರ್ನೆಯನ್ನು ಖಾಲಿ ಮಾಡುವಾಗ ಮಲಗುವ ಹಲಗೆಯಡಿ ಕಾಫಿ ಡಬ್ಬಿಯಲ್ಲಿ ಅಪ್ಪನ ಪ್ರಯಾಣದ ಪುಸ್ತಕ ಸಿಕ್ಕಿತು. ಕೊನೆಯ ಹಾಳೆ ಹರಿದು ಇಟ್ಟಿದ್ದೇನೆ. ಸೀಸದಕಡ್ಡಿಯ ಬರಹ, ಅಳಿಸಿಹೋದರೆ ಎಂದು ಇಲ್ಲಿ ನಕಲೂ ಬರೆಯುತ್ತೇನೆ.

"ಮಂಗಳವಾರ, ಸಂಜೆ ೫.೨೦. ದಿಬ್ಬಕ್ಕೆ ಸಿಕ್ಕಿಕೊಂಡೆ, ತಪ್ಪು ನನ್ನದೇ. ಚುಕ್ಕಾಣಿ ಮುರಿದಿದೆ. ಆಸ್ಗರ್‌ಗೆ ಹೇಳಿದರೆ ನಗುತ್ತಾನೆ. ಹಲಗೆ ಕೆಂಪು ಬಿಟ್ಟು ಬಂದಿದ್ದೇನೆ, ಈ ವಾರ ಸಿಡ್ಸೆಲ್ ಸರದಿ, ಕತ್ತಲಿಗೆ ಮೊದಲು ಯಾರನ್ನಾದರೂ ಕಳಿಸುತ್ತಾಳೆ.

ಬುಧವಾರ, ಬೆಳಿಗ್ಗೆ ೧೧. ಯಾರೂ ಬರಲಿಲ್ಲ. ಸಿಡ್ಸೆಲ್‌ಗೆ ಮೈ ಹುಷಾರಿಲ್ಲವೇನೋ. ನೀರು ಸೊಂಟದವರೆಗಷ್ಟೆ ಇದೆ, ದಡಕ್ಕೆ ನಡೆದೇ ಹೋಗಿ ನೋಡುತ್ತೇನೆ."