ನನ್ನ ಬೋರ್ಡಿನ ಮೇಲೆ ಏನು ಬರೆಯುವುದು

ಹಾಸ್ಟೆಲ್, ಮೂರನೇ ಮಹಡಿ
ಭಾನುವಾರ, ೮ನೇ ತಾರೀಖು

ಪ್ರೀತಿಯ ಅಪ್ಪ,

ಮೊದಲು ಕ್ಷಮಿಸಿಬಿಡು, ಕಾಗದ ಬರೆಯುತ್ತಿದ್ದೇನೆ. ಕೈಯಲ್ಲಿ ಫೋನಿಟ್ಟುಕೊಂಡು ಈ ಕಾಲದಲ್ಲಿ ಯಾರು ಕಾಗದ ಬರೀತಾರೆ ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಆದರೆ ಫೋನಿನಲ್ಲಿ ನಾನು ಎರಡು ವಾಕ್ಯ ಮುಗಿಸುವಷ್ಟರಲ್ಲಿ ನೀನು "ಇರು, ಬಣ್ಣ ಒಣಗ್ತಿದೆ" ಅನ್ನುತ್ತೀಯ. ಸ್ಪೀಕರಿನಲ್ಲಿ ಅಮ್ಮ "ಊಟ ಆಯ್ತಾ" ಅನ್ನುತ್ತಾಳೆ. ಮಾವ ಬಂದಿದ್ದರಂತೂ ಹಿಂದಿನಿಂದ "ಏನಮ್ಮಾ ಅರ್ಧ ಡಾಕ್ಟ್ರೇ!" ಅಂತ ಒಂದು ಕೂಗು. ನಾನು ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ನಿನ್ನ ಪತ್ರ ಬಂದು ಹದಿನೇಳು ದಿನವಾಯಿತು. ಉತ್ತರವನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹರಿಯುವುದಿಲ್ಲ.

ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತೀಯ ಅಂತ ಗೊತ್ತು. ಅದಕ್ಕೇ ಅಮ್ಮ, ಮೊದಲು ನಿನ್ನ ಪ್ರಶ್ನೆಗೆ: ಊಟ ಆಗಿದೆ. ಮೂರು ಹೊತ್ತೂ ಆಗುತ್ತಿದೆ. ಕೂದಲಿಗೆ ಎಣ್ಣೆ ಹಾಕುತ್ತಿದ್ದೇನೆ. (ಇದು ಸುಳ್ಳು, ಆದರೆ ನಾಳೆ ಹಾಕುತ್ತೇನೆ.) ಈ ಪತ್ರ ನಾಲ್ಕು ಹಾಳೆ, ಜೊತೆಗೆ ಒಂದು ಫಾರಂ. ನೀನು ಹಾಳೆ ಮಗುಚುವ ಸದ್ದನ್ನು ಎಣಿಸುತ್ತಿರುತ್ತೀಯಲ್ಲ, ಲೆಕ್ಕ ಸರಿಯಾಗಿರಲಿ.

ಶಾಲೆಯ ಹಾಸ್ಟೆಲ್ಲಿನಲ್ಲಿ ಪ್ರತಿ ಭಾನುವಾರ ವಾರ್ಡನ್ ಕಪ್ಪುಹಲಗೆಯ ಮೇಲೆ ಪತ್ರದ ಮೊದಲ ಮೂರು ಸಾಲು ಮತ್ತು ಕೊನೆಯ ಎರಡು ಸಾಲು ಬರೆದಿಡುತ್ತಿದ್ದರು. ನಡುವಿನದ್ದು ಮಾತ್ರ ನಮ್ಮದು. ಐದು ವರ್ಷ ಹಾಗೆ ಬರೆದವಳಿಗೆ ಇಡೀ ಕಾಗದ ತಾನೇ ತುಂಬಿಸುವುದೆಂದರೆ ಈಗಲೂ ಸ್ವಲ್ಪ ದಿಗಿಲು. ನನ್ನ ಕನ್ನಡ ಅರ್ಧ ಇಂಗ್ಲಿಷ್ ಅಂತ ನೀನು ನಗುತ್ತೀಯ. ನಗು. ಆದರೆ ಪೂರ್ತಿ ಓದು.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ವರ್ಷದಲ್ಲಿ ನಾನು ಊರಿನ ಅರ್ಧ ಡಾಕ್ಟರುಗಳ ಬೋರ್ಡು ಬರೆದಿದ್ದೇನೆ. ಹಲ್ಲಿನವರದ್ದು, ಮೂಳೆಯವರದ್ದು, ಮಕ್ಕಳ ಡಾಕ್ಟರದ್ದು. ನಿನ್ನ ಓದು ಮುಗಿದ ಮೇಲೆ ನಿನ್ನ ಬೋರ್ಡಿನ ಮೇಲೆ ಏನಂತ ಬರೆಯಲಿ?" ಅದನ್ನು ಓದಿ ಎರಡು ದಿನ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ನಮ್ಮ ಕೋರ್ಸಿನ ಹೆಸರು 'ಆರೋಗ್ಯ ಅಧ್ಯಯನ' ಅಂದರೆ ಪಕ್ಕದ ರೂಮಿನ ಫಾರ್ಮಸಿಯವಳು "ಅಂದ್ರೆ ಯೋಗಾನಾ?" ಅಂತಾಳೆ. ಬೆಳಿಗ್ಗೆ ದೇಹಶಾಸ್ತ್ರ, ಆಮೇಲೆ ಅಂಕಿಅಂಶ, ಮಧ್ಯಾಹ್ನ ಸಮಾಜಶಾಸ್ತ್ರ, ಶುಕ್ರವಾರ ಕಾನೂನು. ಎಲ್ಲದರಲ್ಲೂ ಕಾಲಿಟ್ಟು ಯಾವುದರಲ್ಲೂ ಕೂರದ ಹಾಗೆ. ಮಾವ ತಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಖಾಯಂ ಅಂತ ಹೇಳಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಬದಲಾಯಿಸುವ ಫಾರಂ ತಾವೇ ತುಂಬಿ, ನಿನ್ನ ಸಹಿಯನ್ನೂ ಹಾಕಿಸಿ ಕಳಿಸಿದ್ದಾರೆ. ನನ್ನ ಸಹಿ ಒಂದು ಬಾಕಿ. ಇಪ್ಪತ್ತನೇ ತಾರೀಖು ಕೊನೆ. ಸುಳ್ಳು ಯಾಕೆ ಹೇಳಲಿ ಅಪ್ಪ, ಒಂದು ದಿನ ಪೆನ್ನಿನ ಮುಚ್ಚಳ ತೆಗೆದಿದ್ದೆ.

ಆಮೇಲೆ ಪ್ರಾಜೆಕ್ಟ್ ಬಂತು. ನಮ್ಮ ಮೇಡಂ, ಯಾವ ಪ್ರಶ್ನೆ ಕೇಳಿದರೂ ತಿರುಗಿ ಇನ್ನೊಂದು ಪ್ರಶ್ನೆ ಕೇಳುವವರು, ಅವರು ನನ್ನನ್ನು ಇಲ್ಲಿನ ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚಾದವರಿಗೆ ತಿಂಗಳಿಗೆ ಒಂದೇ ದಿನ ತಪಾಸಣೆ. ಅಮ್ಮನಿಗೆ ಇದ್ದದ್ದೇ ಕಾಯಿಲೆ, ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ. ನೋವಿರುವುದಿಲ್ಲ, ತಪ್ಪದೆ ಡ್ರಾಪ್ಸ್ ಹಾಕಿ ತೋರಿಸಿಕೊಳ್ಳುತ್ತಿದ್ದರೆ ನಿಲ್ಲುತ್ತದೆ, ಬಿಟ್ಟರೆ ಹೋದ ದೃಷ್ಟಿ ಹೋದದ್ದೇ. ತಪಾಸಣೆಗೆ ಬಾರದವರ ಕಾರ್ಡಿನ ಮೇಲೆ 'ಬಂದಿಲ್ಲ' ಅಂತ ನೀಲಿ ಮುದ್ರೆ ಒತ್ತುತ್ತಾರೆ. ಅಂಥ ನಲವತ್ತಮೂರು ಕಾರ್ಡು ನನ್ನ ಕೈಗೆ ಬಂದವು. ಆಸ್ಪತ್ರೆಯ ಒಪ್ಪಿಗೆ ಪಡೆದು ಒಬ್ಬೊಬ್ಬರಿಗೂ ಫೋನ್ ಮಾಡಿ ಕಾರಣ ಬರೆದುಕೊಳ್ಳಬೇಕು. ಇಷ್ಟೇ ಕೆಲಸ.

ರೆಕಾರ್ಡ್ ರೂಮಿನಲ್ಲಿ ಕಿಟಕಿ ಇಲ್ಲ. ನೆಲದಿಂದ ಸೂರಿನವರೆಗೆ ಫೈಲು, ಒಂದು ಮೇಜು, ಒಂದು ಫೋನು, ಮತ್ತು ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂತಿರುವ ಒಬ್ಬ ಅಕ್ಕ. ನಾನು ಪರೀಕ್ಷೆಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಮೊದಲ ನಂಬರ್ ಒತ್ತಿದೆ. "ನಮಸ್ಕಾರ. ತಾವು ಯಾವ ಕಾರಣದಿಂದ ನೇತ್ರ ಚಿಕಿತ್ಸೆಯನ್ನು ಮುಂದುವರಿಸಲಿಲ್ಲವೆಂದು ದಯವಿಟ್ಟು ತಿಳಿಸುವಿರಾ?"

"ಇನ್ಶೂರೆನ್ಸ್ ಬೇಡಮ್ಮ, ಆಗ್ಲೇ ಇದೆ." ಕಟ್.

ಎರಡನೆಯವರು ರಾಂಗ್ ನಂಬರ್ ಅಂದರು, ಹೆಸರು ಹೇಳಿದ ಮೇಲೂ. ಮೂರನೆಯವರು ಹೆಂಗಸು. "ತಪ್ಪಾಯ್ತಮ್ಮ, ಮುಂದಿನ ಸಲ ಖಂಡಿತ ಬರ್ತೀನಿ, ಬಯ್ಯಬೇಡಿ" ಅಂತ ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟರು. ಒಂಬತ್ತು ಫೋನ್ ಹೀಗೇ ಮುಗಿಯಿತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಒಂಬತ್ತರಲ್ಲೂ ಒಂದೇ ಪದ: 'ನಿರ್ಲಕ್ಷ್ಯ'.

ಅಕ್ಕ ಕನ್ನಡಕ ಕೆಳಗಿಳಿಸಿ ನೋಡಿದರು. "ಏನೇ, ನೀನು ಪೊಲೀಸಾ?"

"ಇಲ್ಲಕ್ಕ, ಫಸ್ಟ್ ಇಯರ್."

"ಯಾಕೆ ಬರ್ಲಿಲ್ಲ ಅಂದ್ರೆ ಯಾರು ನಿಜ ಹೇಳ್ತಾರೆ? ತಪ್ಪು ಒಪ್ಕೊಂಡು ಫೋನ್ ಇಡ್ತಾರೆ. ಆವತ್ತು ಎಲ್ಲಿಗೆ ಹೋಗಿದ್ರಿ ಅಂತ ಕೇಳು. ಇಲ್ಲಿಗೆ ಬಂದಿಲ್ಲ ಅಂದ್ಮೇಲೆ ಇನ್ನೆಲ್ಲಿಗೋ ಹೋಗಿರ್ತಾರಲ್ಲ?"

ಅಪ್ಪ, ಅಷ್ಟೇ ಬದಲಾಯಿಸಿದ್ದು. ಹತ್ತನೆಯವರಿಗೆ ಹಾಗೆ ಕೇಳಿದೆ. ಹನ್ನೆರಡು ನಿಮಿಷ ಮಾತಾಡಿದರು! ಲಾರಿ ಡ್ರೈವರ್ ಅಂತೆ. "ಅಲ್ಲಿ ತಪಾಸಣೆಗೆ ಡ್ರಾಪ್ಸ್ ಹಾಕಿದ್ರೆ ಸಂಜೆವರೆಗೂ ಮಂಜು ಮಂಜು. ಆವತ್ತು ಗಾಡಿ ತಗೊಂಡು ಹೊರಟಿದ್ದೆ. ಎರಡೂ ಹೇಗಮ್ಮ ಮಾಡ್ಲಿ?" ಒಬ್ಬ ಟೈಲರ್, ವಾರವೆಲ್ಲ ಹೊಲಿದ ಬಟ್ಟೆಯನ್ನು ಆ ದಿನವೇ ಕೊಡಬೇಕು. ಇನ್ನೊಬ್ಬರು ಅಜ್ಜ, ಫೋನಿನಲ್ಲೇ ರೇಗಿದರು. "ಬಂದಿಲ್ಲ ಅಂತ ಯಾರು ಹೇಳಿದ್ದು? ಬಂದಿದ್ದೆ! ನಿಮ್ಮ ಲಿಫ್ಟು ಕೆಟ್ಟಿತ್ತು. ಎರಡನೇ ಮಹಡಿವರೆಗೆ ಹತ್ತಿದೆ, ಮೂರನೇದು ಆಗ್ಲಿಲ್ಲ. ಬರ್ಕೋ, ಎರಡು ಮಹಡಿ ಬಂದಿದ್ದ ಅಂತ ಬರ್ಕೋ!" ಬರೆದುಕೊಂಡೆ. ಮೊದಲ ಒಂಬತ್ತು ಜನಕ್ಕೂ ಮತ್ತೆ ಫೋನ್ ಮಾಡಿದೆ. ಇನ್ಶೂರೆನ್ಸ್ ಬೇಡ ಅಂದವರು ಈಗ ನನಗೆ ಮದುವೆಗೆ ಗಂಡು ಹುಡುಕುತ್ತಿದ್ದಾರೆ.

ಮೊನ್ನೆ ಗುರುವಾರ ಆಸ್ಪತ್ರೆಯಲ್ಲಿ ಮೀಟಿಂಗ್. ಉದ್ದನೆಯ ಮೇಜು, ಒಂದು ಕಡೆ ಡಾಕ್ಟರುಗಳು, ನಾನು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಕಣ್ಣಿನ ವಿಭಾಗದ ಮುಖ್ಯ ಡಾಕ್ಟರು ಹಾಳೆ ನೋಡದೆಯೇ "ಇವರಿಗೆಲ್ಲ ನಿರ್ಲಕ್ಷ್ಯ. ಎಷ್ಟು ಹೇಳಿದ್ರೂ ಅಷ್ಟೆ" ಅಂದರು. ಎದ್ದು ನಿಂತೆ. ಹಾಸ್ಟೆಲ್ ಬುದ್ಧಿ, ಕೈಯನ್ನೂ ಎತ್ತಿದ್ದೆ.

"ಸರ್, ಇವರಲ್ಲಿ ಒಬ್ರು ಎರಡು ಮಹಡಿ ಬಂದಿದ್ರು."

ಮೊದಲು ಎಲ್ಲರೂ ನಕ್ಕರು. ನಾನು ಅಜ್ಜನ ಮಾತನ್ನು ಅವರ ಧಾಟಿಯಲ್ಲೇ ಓದಿದೆ. ಆಮೇಲೆ ಡ್ರೈವರದ್ದು, ಟೈಲರದ್ದು. ಒಂದು ಹಾಳೆ ಬಿಟ್ಟು ಉಳಿದೆಲ್ಲ ಓದಿದೆ. ಮುಗಿಸುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಡಾಕ್ಟರು ಹಾಳೆಗಳನ್ನು ತರಿಸಿಕೊಂಡು ತಾವೇ ತಿರುವಿದರು. ಕೊನೆಗೆ, ತಿಂಗಳಿಗೆ ಇನ್ನೊಂದು ದಿನ, ಒಂದು ಬುಧವಾರ, ನೆಲಮಹಡಿಯಲ್ಲೇ ತಪಾಸಣೆ ಇಟ್ಟು ನೋಡುವುದು ಅಂತಾಯಿತು. ಹದಿನೆಂಟಕ್ಕೆ ಮೊದಲನೆಯದು.

ಹೊರಗೆ ಬರುವಾಗ ಡಾಕ್ಟರು ಕರೆದರು. "ನೀನು ಯಾವ ವಿಭಾಗಮ್ಮ?"

"ಎಲ್ಲ ಸ್ವಲ್ಪ ಸ್ವಲ್ಪ, ಸರ್."

"ಹಾಗಾದ್ರೆ ಹದಿನೆಂಟಕ್ಕೆ ಬಂದು ಕೂತ್ಕೋ. ಜನ ಬರ್ಲಿಲ್ಲ ಅಂದ್ರೆ ಮತ್ತೆ ನಿನ್ ಕೈಲೇ ಫೋನ್ ಮಾಡಿಸ್ತೀನಿ."

ಮಾವನಿಗೆ ಹೇಳು, ನಮ್ಮ ಸೀನಿಯರ್‌ಗಳು ಉಪವಾಸ ಬಿದ್ದಿಲ್ಲ. ಒಬ್ಬಳು ಆಸ್ಪತ್ರೆಯ ಫಾರಂಗಳನ್ನು ರೋಗಿಗಳಿಗೆ ಅರ್ಥವಾಗುವ ಹಾಗೆ ತಿರುಗಿ ಬರೆಯುತ್ತಾಳೆ. ಒಬ್ಬ ನೀರು ಸರಬರಾಜು ಕಚೇರಿಯಲ್ಲಿ ಯಾವ ಬೀದಿಯ ನಲ್ಲಿಯಿಂದ ವಾಂತಿಭೇದಿ ಬಂತು ಅಂತ ನಕ್ಷೆ ಹಾಕುತ್ತಾನೆ. ಇನ್ನೊಬ್ಬಳು ಕಾರ್ಖಾನೆಯಲ್ಲಿ ಧೂಳಿನ ನಡುವೆ ದುಡಿಯುವವರ ಉಸಿರು ನೋಡಿಕೊಳ್ಳುತ್ತಾಳೆ. ಇವರ ಯಾರ ಬಾಗಿಲಿಗೂ ಬೋರ್ಡಿಲ್ಲ, ನಿಜ. ಆದರೆ ಹೊಸ ಹಲಗೆಗೆ ಪ್ರೈಮರ್ ಹೊಡೆದ ದಿನವೇ ಅಕ್ಷರ ಬರೆದರೆ ಆರು ತಿಂಗಳಲ್ಲಿ ಎದ್ದು ಬರುತ್ತದೆ ಅಂತ ನನಗೆ ಬೈದು ಕಲಿಸಿದವನು ನೀನೇ. ನನ್ನ ಹಲಗೆಗೆ ಈಗ ತಾನೇ ಪ್ರೈಮರ್ ಬಿದ್ದಿದೆ. ಒಣಗಲು ಬಿಡು. ಅಕ್ಷರ ಆಮೇಲೆ ಬರೆಯೋಣ.

ಹಾಗಾಗಿ ನಾನು ಇಲ್ಲೇ ಇರುತ್ತೇನೆ. ಇದು ನಿಮ್ಮನ್ನು ಕೇಳುತ್ತಿರುವುದಲ್ಲ, ಹೇಳುತ್ತಿರುವುದು. (ಹೆದರಿಕೊಂಡೇ ಹೇಳುತ್ತಿದ್ದೇನೆ, ಆದರೂ ಹೇಳುತ್ತಿದ್ದೇನೆ.) ಫಾರಂ ಸಹಿ ಇಲ್ಲದೆ ವಾಪಸ್ ಇಟ್ಟಿದ್ದೇನೆ. ಅಂಗಡಿಗೆ ತೆಗೆದುಕೊಂಡು ಹೋಗು, ಬ್ರಷ್ ಒರೆಸಲು ಬಂದೀತು. ಒರೆಸುವ ಮೊದಲು ಹಿಂದೆ ಮುಂದೆ ನೋಡಿ ಒರೆಸು.

ಅಮ್ಮ, ಬೇಜಾರು ಮಾಡಿಕೊಳ್ಳಬೇಡ. ರಜೆಗೆ ಬಂದಾಗ ಅಜ್ಜನ ಮಾತನ್ನು ಅವರ ಗಂಟಲಲ್ಲೇ ಹೇಳಿ ನಗಿಸುತ್ತೇನೆ. ಇಬ್ಬರೂ ಆಶೀರ್ವಾದ ಮಾಡಿ. ಹದಿನೆಂಟನೇ ತಾರೀಖು ನೆನಪಿಟ್ಟುಕೊಂಡು ಇನ್ನೊಂದು ಸಲ ಮಾಡಿ.

ನಿಮ್ಮ
ಚುಕ್ಕಿ

(ಫಾರಂನ ಹಿಂಬದಿ)

ಅಪ್ಪ, ಮತ್ತೊಂದು ಮಾತು. ಇದನ್ನು ಗಟ್ಟಿಯಾಗಿ ಓದಬೇಡ. ಬೇರೆ ಹಾಳೆಯಲ್ಲಿ ಬರೆದರೆ ಅಮ್ಮ ಸದ್ದು ಹಿಡಿದುಬಿಡುತ್ತಾಳೆ, ಅದಕ್ಕೇ ಇಲ್ಲಿ.

ಮೀಟಿಂಗಿನಲ್ಲಿ ಒಂದು ಹಾಳೆ ಓದಲಿಲ್ಲ ಅಂದೆನಲ್ಲ. ಅದು "ಬಯ್ಯಬೇಡಿ" ಅಂದ ಹೆಂಗಸಿನದ್ದು. ಎರಡನೇ ಸಲ ಫೋನ್ ಮಾಡಿ, ಆವತ್ತು ಎಲ್ಲಿಗೆ ಹೋಗಿದ್ರಿ ಅಂದಾಗ ಹೇಳಿದರು: "ಮಗಳು ಹಾಸ್ಟೆಲ್‌ನಲ್ಲಿದ್ದಾಳಮ್ಮ. ತಿಂಗಳಿಗೆ ಅದೊಂದೇ ದಿನ ಗೇಟು ತೆಗೆಯೋದು. ಕಣ್ಣು ಮುಂದಿನ ತಿಂಗಳು ತೋರಿಸಬಹುದು. ನಾನು ಹೋಗ್ಲಿಲ್ಲ ಅಂದ್ರೆ ಅವಳು ಗೇಟ್ ಹತ್ರಾನೇ ನಿಂತಿರ್ತಾಳೆ."

ಇಲ್ಲಿನ ತಪಾಸಣೆ ಯಾವ ದಿನ ಅಂತ ಪತ್ರದಲ್ಲಿ ಬೇಕೆಂದೇ ಬರೆಯಲಿಲ್ಲ. ಎರಡನೇ ಶನಿವಾರ.

ನಾನು ಎಂಟನೇ ಕ್ಲಾಸಿಗೆ ಹಾಸ್ಟೆಲ್ ಸೇರುವ ಮುಂಚಿನ ಬೇಸಿಗೆ ನೆನಪಿದೆಯಾ? ನಮ್ಮೂರಿನ ಕಣ್ಣಿನಾಸ್ಪತ್ರೆಗೆ ಬೋರ್ಡು ಬರೆದೆವು. ನೀನು ಗೆರೆ ಹಾಕಿಕೊಟ್ಟೆ, ಒಳಗೆ ಬಣ್ಣ ತುಂಬಿದ್ದು ನಾನು. 'ಕಣ್ಣಿನ ಒತ್ತಡದ ತಪಾಸಣೆ. ಪ್ರತಿ ತಿಂಗಳು ಎರಡನೇ ಶನಿವಾರ ಮಾತ್ರ.' 'ಮಾತ್ರ' ಅನ್ನುವುದನ್ನು ಹಟ ಮಾಡಿ ಕೆಂಪಿನಲ್ಲಿ ತುಂಬಿದೆ. ಅದೇ ವಾರ ಹಾಸ್ಟೆಲ್ಲಿನಿಂದ ಪತ್ರ ಬಂತು: 'ಪೋಷಕರ ಭೇಟಿ ಎರಡನೇ ಶನಿವಾರ ಮಾತ್ರ.' ಕಾಯಿಲೆ ಶುರುವಾಗಿದ್ದರೂ ಆಗ ಅಮ್ಮನಿಗೆ ಕಣ್ಣು ಕಾಣುತ್ತಿತ್ತು. ಎರಡನ್ನೂ ಅವಳು ಓದಿದಳು. ನಾವಿಬ್ಬರು ಅಕ್ಷರ ಚೆನ್ನಾಗಿ ಬಂದಿದೆಯಾ ಅಂತ ನೋಡುತ್ತಾ ಕೂತೆವು.

ಅವಳು ಒಂದು ತಿಂಗಳೂ ತಪ್ಪಿಸಲಿಲ್ಲ ಅಪ್ಪ. ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ಇರುತ್ತಿದ್ದಳು. ಮೂರನೇ ವರ್ಷ ಒಂದು ಸಲ, ಅದೇ ಯೂನಿಫಾರ್ಮ್ ಹಾಕಿದ್ದ ಬೇರೆ ಹುಡುಗಿಯನ್ನು ನಾನೆಂದುಕೊಂಡು ಕೈ ಬೀಸುತ್ತಾ ಹೋದಳು. ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ.

ಯಾವ ಡಾಕ್ಟರು ಕೇಳಿದರೂ ನೀನು "ಇವಳದ್ದೇ ನಿರ್ಲಕ್ಷ್ಯ" ಅನ್ನುತ್ತೀಯ. ಅವಳು "ಹೌದು, ಮರೆತುಬಿಟ್ಟೆ" ಅನ್ನುತ್ತಾಳೆ. ನಾನೂ ಹಾಗೇ ನಂಬಿದ್ದೆ. ನಿನಗೆ ಗೊತ್ತಿತ್ತಾ? ಅವಳ ಹಳೆಯ ಕಾರ್ಡು ಕಬ್ಬಿಣದ ಪೆಟ್ಟಿಗೆಯ ತಳದಲ್ಲಿದೆ. ತೆಗೆದು, ಎಷ್ಟು ಶನಿವಾರದ ಮುಂದೆ 'ಬಂದಿಲ್ಲ' ಅಂತ ಇದೆ, ಒಂದೊಂದು ತಾರೀಖನ್ನೂ ಬರೆದು ಕಳಿಸು. ಅವಳನ್ನು ಏನೂ ಕೇಳಬೇಡ. ಆವತ್ತೆಲ್ಲ ಅವಳು ಎಲ್ಲಿಗೆ ಹೋಗಿದ್ದಳು ಅಂತ ನನಗೆ ಗೊತ್ತು.

ಬೇಗ ಉತ್ತರ ಬರೆ.