ಮನೆಯಲ್ಲಿ ವಾಸಿಸುವವರು

ಪೈನ್ ಫೋರ್ಕ್, ಕೆಂಟಕಿ
ಮಾರ್ಚ್ ೯

ಶ್ರೀಮತಿ ಟ್ಯಾಕೆಟ್ ಅವರಿಗೆ,

ಸರ್ಕಾರದ ಗ್ರಾಮೀಣ ಗೃಹಸಾಲಕ್ಕಾಗಿ ನಮ್ಮ ಕೌಂಟಿಯ ಕಚೇರಿಗೆ ನಾನು ಸಲ್ಲಿಸಿದ್ದ ಅರ್ಜಿಯನ್ನು ಮತ್ತೆ ತೆರೆಯಬೇಕೆಂದು ಕೋರುತ್ತೇನೆ.

ಅಕ್ಟೋಬರಿನಲ್ಲಿ ನೀವು ಅದನ್ನು ತಿರಸ್ಕರಿಸಿದಿರಿ. ಸಾಲ ಕೇಳಿದವಳು ನಾನೊಬ್ಬಳೇ. ಆದರೂ ಮನೆಯಲ್ಲಿ ವಾಸಿಸುವ ಎಲ್ಲರ ಆದಾಯವೂ ಲೆಕ್ಕಕ್ಕೆ ಬರುತ್ತದೆಂದು ಅಪ್ಪನ ಪಿಂಚಣಿಯನ್ನೂ ಸೇರಿಸಿದಿರಿ. ಗಣಿಯ ಧೂಳಿಗೆ ಎರಡೂ ಶ್ವಾಸಕೋಶ ಕೊಟ್ಟು ಪಡೆದ ಪಿಂಚಣಿ ಅದು. ಅದರಿಂದ ನಾವು ಈ ಸಾಲಕ್ಕಿರುವ ಆದಾಯದ ಮಿತಿ ದಾಟಿದ ಸಿರಿವಂತರಾದೆವು. ಅರ್ಜಿಯಲ್ಲಿ ಅವರ ಹೆಸರು ಬರೆಯಬೇಡ ಎಂದು ನೆರೆಯವರೆಲ್ಲ ಹೇಳಿದ್ದರು. ಅಪ್ಪನೇ ಒಪ್ಪಲಿಲ್ಲ. “ಬದುಕಿರೋನ್ನ ಇಲ್ಲ ಅಂತ ಬರೀತೀಯೇನೇ?”

“ನಿಮ್ಮಪ್ಪ ಬೇರೆ ಕಡೆ ಇದ್ದಿದ್ರೆ ಇವತ್ತೇ ಆಗ್ಹೋಗ್ತಿತ್ತು ಕಣಮ್ಮ,” ಎಂದಿರಿ ನೀವು, ಕಚೇರಿಯಲ್ಲಿ ಅಪ್ಪನ ಎದುರಿಗೇ. ಅಪ್ಪ ಮೂಗಿನ ಆಕ್ಸಿಜನ್ ಕೊಳವೆ ಸರಿಪಡಿಸಿಕೊಂಡು, “ಸ್ವಲ್ಪ ತಾಳಿ ಮೇಡಂ, ಹೊರಡೋ ತಯಾರೀಲೇ ಇದೀನಿ,” ಎಂದರು. ನೀವು ನಕ್ಕಿರಿ.

ಗೋಡೆಗೆ ಬೂಷ್ಟು ಹಿಡಿದ ಈ ಟ್ರೇಲರ್ ಮನೆಯಲ್ಲೇ ಚಳಿಗಾಲ ಕಳೆದೆವು. ಅಪ್ಪ ಫೆಬ್ರವರಿ ದಾಟಲಿಲ್ಲ.

ಮಣ್ಣು ಮಾಡಿದ ದಿನ ನೀವು ಗಾಜಿನ ಪಾತ್ರೆಯಲ್ಲಿ ಕೋಳಿ, ನೂಡಲ್ಸ್ ಬೇಯಿಸಿ ತಂದಿರಿ. ನನ್ನನ್ನು ತಬ್ಬಿಕೊಂಡು, “ಇನ್ನು ನಿನ್ನ ಫೈಲಿಗೆ ಏನೂ ತೊಂದ್ರೆ ಇಲ್ಲ,” ಎಂದು ಕಿವಿಯಲ್ಲಿ ಹೇಳಿದಿರಿ. ದಯವಿಟ್ಟು ಆ ಮಾತು ನಡೆಸಿಕೊಡಿ. ಅರ್ಜಿಯ ‘ಮನೆಯಲ್ಲಿ ವಾಸಿಸುವವರು’ ಎಂಬಲ್ಲಿ ಈಗ ನನ್ನದೊಂದೇ ಹೆಸರು.

ತಳಕ್ಕೆ ನಿಮ್ಮ ಹೆಸರಿನ ಚೀಟಿ ಅಂಟಿಸಿದ್ದ ಆ ಪಾತ್ರೆಯನ್ನು ತೊಳೆದು ಇದರ ಜೊತೆ ಕಳಿಸಿದ್ದೇನೆ. ಸಾವಿನ ಮನೆಗೆ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುತ್ತಿದ್ದರು ಅಪ್ಪ. ಒಳಗೆ ಅವರ ಮರಣ ಪ್ರಮಾಣಪತ್ರವಿದೆ.

ಇತಿ,
ಲೊರೀನಾ ಕಾಡಿಲ್