ಒಬ್ಬಳಿಗೇ ಒಪ್ಪಿಸಿದ ಮನೆ

ಗೆಳೆಯ ಅಂಬಪ್ಪ,

ನೀನು ತೀರಿಕೊಂಡ ಮೇಲೆ ಈ ಪತ್ರವನ್ನು ಯಾವ ವಿಳಾಸಕ್ಕೂ ಕಳಿಸಲಾರೆ. ಆದರೂ ನಿನ್ನ ಮಗಳು ದೀಪಾಳ ವಿಷಯವನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಲಿಂಗಸುಗೂರಿನ ನನ್ನ ಮನೆಯನ್ನು ಮಾರಿಸುವ ಕೆಲಸವನ್ನು ಅವಳೊಬ್ಬಳಿಗೇ ವಹಿಸಿ, ಬೇರೆ ಯಾವ ದಲ್ಲಾಳಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಹೊಸದಾಗಿ ಈ ವೃತ್ತಿಗಿಳಿದ ಹುಡುಗಿಗೆ ಅದರಿಂದ ಬಲ ಬಂದೀತೆಂದು ನಂಬಿದ್ದೆ. ನಮ್ಮಲ್ಲಿ ಮನೆ ಮಾರುವವರು ಚಹಾದಂಗಡಿಯಿಂದ ಕ್ಷೌರದಂಗಡಿಯವರೆಗೆ ಎಲ್ಲರ ಕಿವಿಗೂ ಸುದ್ದಿ ಹಾಕುತ್ತಾರೆಂಬುದನ್ನು ನಾನು ಗಣಿಸಲಿಲ್ಲ.

ಇಂದು ಚಿನ್ನದ ಗಣಿಯ ಊರು ಹಟ್ಟಿಯಿಂದ ಗಂಡ ಹೆಂಡತಿ ಮನೆ ನೋಡಲು ಬಂದಿದ್ದರು. ಮನೆ ಅವರಿಗೆ ಹಿಡಿಸಿತು. ಆದರೆ ಹೋಟೆಲಿನಲ್ಲಿ ಚಹಾ ಕುಡಿದು ಮರಳಿದಾಗ ಅವರ ಮುಖ ಬದಲಾಗಿತ್ತು.

"ಮಾಸ್ತರ್ರ, ಈ ಮನಿ ಮಾರಾಕಿಟ್ಟದ್ದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಒಬ್ಬಾಕಿಗೇ ಕೊಟ್ಟಾರಂದ್ರ ಏನರ ತಕರಾರು ಇರ್ತೈತಿ ಅಂತಾರ," ಎಂದನು ಗಂಡ.

"ತಕರಾರಿಲ್ಲರೀ ಅಣ್ಣಾರ, ಕಾಗದ ನೋಡೀರಲ್ಲ," ಎಂದಳು ದೀಪಾ.

"ನೋಡೀವಿ ತಂಗಿ. ಬಾಳ ಚಂದ ಅದಾವು, ಅದಕ್ಕ ಅಂಜಿಕಿ!" ಎಂದು ಹೆಂಡತಿ ನಕ್ಕಳು.

ಮಸ್ಕಿಯಲ್ಲಿ ದೀಪಾಳೊಬ್ಬಳಿಗೇ ಮನೆ ಒಪ್ಪಿಸಿದ್ದವರೂ ಇದೇ ಮಾತು ಕೇಳಿ ಹಿಂದೆ ಸರಿದಿದ್ದಾರೆ.

ದಂಪತಿ ಹೋದ ಮೇಲೆ ದೀಪಾ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟಳು.

"ಇನ್ನೊಂದಿಷ್ಟು ದಿನ ನೋಡೋಣು, ತಡಿಯವ್ವ," ಎಂದೆ.

"ಬ್ಯಾಡ್ರಿ ಕಾಕಾ. ಎಲ್ಲಾರಿಗೂ ಹೇಳಿಬಿಡ್ರಿ, ಮಾರಾಟ ಆಗ್ತೈತಿ. ಮೊದಲು ನನ್ನ ಕೈಯಾಗಿತ್ತು ಅಂತ ಮಾತ್ರ ಯಾರ ಮುಂದೂ ಅನಬ್ಯಾಡ್ರಿ."

ಆಗಲೆಂದು ತಲೆಯಾಡಿಸಿದೆ, ಅಂಬಪ್ಪ.